ಖಂಡೇಪೂಜೆಯ ದಿನ ನೀರು ಕೇಳಿದ್ದು

ಮಾಲೀಕರ ಸಹಿ, ಅದರ ಕೆಳಗೆ ಅಂಗಡಿಯ ಮೊಹರು, ಜತೆಗೆ ಕೆಲಸದ ಜಾಗದಲ್ಲಿ ನಿಂತ ಹುಡುಗನ ಒಂದು ಫೋಟೋ. ಮೂರೂ ಇದ್ದರೆ ಹುಡುಗ ಕೆಲಸದಲ್ಲಿದ್ದಾನೆ ಎಂದು ಲೆಕ್ಕ. ಒಂದು ತಪ್ಪಿದರೂ ಅವನು ಕೆಲಸವಿಲ್ಲದವನು. ಬೆಂಗಳೂರಿನ ಟ್ರಸ್ಟಿನವರು ಕಳಿಸಿದ ನಿಯಮಾವಳಿಯಲ್ಲಿ ಹೀಗೆಂದು ಬರೆದಿತ್ತು. ಅದಕ್ಕೆ ಒಪ್ಪಿ ಸಹಿ ಹಾಕಿದ ಮಧ್ಯಾಹ್ನದಿಂದಲೇ ನನಗೆ ಎದೆಯುರಿ ಶುರುವಾಯಿತು.

ನನ್ನದು ಮೊದಲಿನಿಂದಲೂ ಪುಕ್ಕಲು ಸ್ವಭಾವ. ಹುಬ್ಬಳ್ಳಿ ಕೇಶ್ವಾಪುರದ ನಮ್ಮ ಮನೆಗೆ ಬೀಗ ಹಾಕಿ ಗೇಟಿನವರೆಗೆ ಹೋದವಳು ತಿರುಗಿ ಬಂದು ಬೀಗ ಜಗ್ಗಿ ನೋಡುತ್ತೇನೆ. ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಬಸ್‌ಸ್ಟಾಪಿನಿಂದ ಮನೆಗೆ ಫೋನ್ ಹಚ್ಚುತ್ತೇನೆ. "ನಿನ್ನ ಈ ರೋಗಕ್ಕ ಯಾರರ ಪಗಾರ ಕೊಡ್ತಾರಂದ್ರ ನಂಬಾಕ ಆಗವಲ್ದು" ಎಂದು ನಮ್ಮ ಯಜಮಾನರು ಚೇಷ್ಟೆ ಮಾಡುವುದುಂಟು. ಅವರ ಮಾತು ಸುಳ್ಳೇನಲ್ಲ. ಮೌಲ್ಯಮಾಪನವೆಂದರೆ ಬೇರೆಯವರು ಹಾಕಿದ ಬೀಗವನ್ನು ಜಗ್ಗಿ ನೋಡುವ ಕೆಲಸವೇ.

ಈ ಸಲ ಜಗ್ಗಿ ನೋಡಬೇಕಾಗಿದ್ದು ಒಂದು ತರಬೇತಿಯನ್ನು. ಹದಿನೆಂಟು ತುಂಬುವ ಮೊದಲೇ ಯಾವುದೋ ಅಪರಾಧದ ಪ್ರಕರಣದಲ್ಲಿ ಸಿಕ್ಕಿ, ಸರಕಾರಿ ಗೃಹದಲ್ಲಿದ್ದು ಹೊರಬರುವ ಹುಡುಗರಿಗೆ ವೆಲ್ಡಿಂಗ್, ಬೈಕ್ ರಿಪೇರಿ, ಫ್ರಿಜ್ ರಿಪೇರಿ ಕಲಿಸುವ ಒಂದು ಶೆಡ್ಡು ನಮ್ಮ ಅವಳಿ ನಗರದ ಗೃಹದ ಆವರಣದಲ್ಲೇ ನಡೆಯುತ್ತಿತ್ತು. ಟ್ರಸ್ಟು ಅದರ ಖರ್ಚು ನೋಡಿಕೊಳ್ಳುತ್ತಿತ್ತು. ಕಲಿತು ಹೋದವರು ನಿಜವಾಗಿಯೂ ಕೆಲಸ ಮಾಡುತ್ತಿದ್ದಾರೆಯೇ ಎಂದು ನಾನು ನೋಡಿ ಹೇಳಬೇಕು, ನನ್ನ ವರದಿಯ ಮೇಲೆ ಟ್ರಸ್ಟು ಶೆಡ್ಡನ್ನು ಮುಂದುವರಿಸುವುದೋ ಮುಚ್ಚುವುದೋ ತೀರ್ಮಾನಿಸುತ್ತದೆ. ಯಾವ ಹುಡುಗ ಏನು ಮಾಡಿ ಒಳಗೆ ಬಂದಿದ್ದ ಎಂದು ನಾನು ಯಾರನ್ನೂ ಕೇಳಲಿಲ್ಲ. ಕೇಳುವಂತೆಯೂ ಇರಲಿಲ್ಲ. ಅವರ ಗುರುತು ಹೊರಗೆ ಬೀಳಬಾರದೆಂದು ಕಾಯ್ದೆಯೇ ಇದೆ.

ನನ್ನ ಜತೆ ಓಡಾಡಲು ಧಾರವಾಡದ ಒಬ್ಬ ನಿವೃತ್ತ ಮಾಸ್ತರರು ಸಿಕ್ಕರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲಿಗೆ ಬಗಲಚೀಲ. ಎದುರಿಗಿದ್ದವರು ಚಿಕ್ಕವರಾದರೂ "ಬರ್ರಿ, ಕೂಡ್ರಿ" ಎನ್ನದೆ ಮಾತು ತೆಗೆಯದ ಮನುಷ್ಯ. ಸುಳ್ಳು ಹೇಳುವ ಪ್ರಸಂಗ ಬಂದರೆ ಕಿವಿ ಕೆಂಪಾಗುತ್ತಿದ್ದವು. ಇಂಥವರು ಸಿಕ್ಕಿದ್ದು ನನ್ನ ಅದೃಷ್ಟವೆಂದೇ ಅಂದುಕೊಂಡಿದ್ದೆ.

ಮೊದಲು ಫೋನ್ ಮಾಡಿ ನೋಡಿದೆವು. ತರಬೇತಿ ಮುಗಿಸಿ ಹೋಗುವಾಗ ಹುಡುಗರು ಕೊಟ್ಟಿದ್ದ ನಂಬರುಗಳಲ್ಲಿ ಬಹಳಷ್ಟು ಸತ್ತುಹೋಗಿದ್ದವು. ಬದುಕಿದ್ದವನ್ನು ತಾಯಿ ಎತ್ತುತ್ತಿದ್ದಳು, ಇಲ್ಲವೆ ತಂಗಿ. "ಅವ ಇಲ್ಲಿಲ್ರಿ, ಗೋವಾಕ್ಕ ಹೋಗ್ಯಾನ" ಎಂದು ಒಬ್ಬಳು ಹೇಳುತ್ತಿದ್ದಾಗ ಹಿಂದಿನಿಂದ "ಯಾರಬೇ ಅದು?" ಎಂಬ ಗಂಡುದನಿ ಕೇಳಿಸಿತು. ಇನ್ನೊಬ್ಬಳು ರಾಂಗ್ ನಂಬರ್ ಎಂದು ಇಟ್ಟಳು. ನಾನು ಅವರನ್ನು ಬೈಯಲಾರೆ. ಹಳೆಯ ಕಥೆಯನ್ನು ಹೂತುಹಾಕಿ ಹೊಸ ಜಾಗದಲ್ಲಿ ಅನ್ನ ಹುಟ್ಟಿಸಿಕೊಂಡವನೇ ಚೆನ್ನಾಗಿ ಅಡಗಿರುತ್ತಾನೆ, ನಮಗೆ ಸಿಗುವುದಿಲ್ಲ. ಸಿಗದವನು ನಿಯಮದ ಪ್ರಕಾರ ಸೋತವನು. ಈ ತಲೆಕೆಳಗಾದ ಲೆಕ್ಕದಲ್ಲಿ ಹಾಳೆಯ ಮೇಲೆ ಸೊನ್ನೆಗಳು ಏರುತ್ತ ಹೋದವು.

ಹಾಗಾಗಿ ಕೆಲಸದ ಜಾಗಕ್ಕೇ ಹೋಗುವುದೆಂದು ಮಾಡಿದೆವು. ಎಲ್ಲಿಂದ ಬಂದಿರಿ ಎಂದು ಯಾರಾದರೂ ಕೇಳಿದರೆ 'ಕೌಶಲ್ಯ ಸಮೀಕ್ಷೆ' ಎನ್ನಬೇಕು, ಅದರ ಮೇಲೆ ಒಂದಕ್ಷರ ಹೇಳಬಾರದು ಎಂದು ಮಾಸ್ತರರಿಗೆ ಹೇಳಿದ್ದೆ. ಅವರು ತಲೆಯಾಡಿಸಿದರು. ಮೊದಲ ಭೇಟಿ ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಫ್ಯಾಬ್ರಿಕೇಶನ್ ಶೆಡ್ಡಿಗೆ. ಗೇಟು, ಗ್ರಿಲ್ಲು, ಟ್ರ್ಯಾಲಿ ಮಾಡುವ ಜಾಗ. ನಮ್ಮ ತರಬೇತಿಯಲ್ಲಿ ವೆಲ್ಡಿಂಗ್ ಕಲಿತ ಹುಡುಗ ಅಲ್ಲಿದ್ದ. ಅವನನ್ನು ಇಲ್ಲಿ ವೆಲ್ಡಿಂಗ್ ಹುಡುಗ ಎಂದೇ ಕರೆಯುತ್ತೇನೆ. ಅವತ್ತು ನನಗೆ ಹುಬ್ಬಳ್ಳಿಯಲ್ಲಿ ಬೇರೆ ಕೆಲಸವಿತ್ತು, ಮಾಸ್ತರರು ಒಬ್ಬರೇ ಹೋದರು.

ಸಂಜೆ ಅವರು ಹಿಗ್ಗಿನಿಂದ ಬಂದು ಹಾಳೆಯನ್ನು ನನ್ನ ಮುಂದೆ ಹರವಿದರು. ಸಹಿ ಇತ್ತು, ಮೊಹರು ಇತ್ತು. ಮೊಬೈಲಿನಲ್ಲಿ ಫೋಟೋವೂ ಇತ್ತು. ಹುಡುಗ ಕೈಯಲ್ಲಿ ವೆಲ್ಡಿಂಗ್ ಮಾಡುವಾಗ ಕಣ್ಣಿಗೆ ಅಡ್ಡ ಹಿಡಿಯುವ ಕಪ್ಪು ಗಾಜಿನ ಫಳಿ ಹಿಡಿದು ನಿಂತಿದ್ದ, ಅದರ ಹಿಡಿಕೆಗೆ ಹಸಿರು ಟೇಪು ಸುತ್ತಿತ್ತು. ಮುಖದಲ್ಲಿ ನಗುವಿರಲಿಲ್ಲ.

"ಮಾಲಕರು ಏನರೆ ಕೇಳಿದ್ರೇನ್ರಿ?" ಎಂದೆ.

"ಭಾಳ ಛಲೋ ಮನಷ್ಯಾ ಬಾಯಾರ. ಕುರ್ಚಿ ಹಾಕಿ ಕೂಡಸಿದ್ರು, ಚಾ ತರಿಸಿದ್ರು. 'ನಮ್ಮ ಹುಡುಗ ನಿಮಗ ಹ್ಯಾಂಗ ಗುರ್ತು?' ಅಂದ್ರು. ಸಮೀಕ್ಷಾ ಅಂದೆ. 'ಸಮೀಕ್ಷಾ ಅಂದ್ರ ಎಲ್ಲಾರನೂ ಕೇಳ್ಬೇಕಲ್ರಿ, ಇವನೊಬ್ಬನ್ನ ಯಾಕ?' ಅಂದ್ರು. ಕೈಯಾಗ ಅವರ ಚಾದ ಕಪ್ಪು ಹಿಡಕೊಂಡು ಹ್ಯಾಂಗ ಸುಮ್ಮನ ಕೂಡೂದ್ರಿ? 'ನಮ್ಮ ಕಡೆನ ಕಲತಾನ' ಅಂದೆ. 'ಯಾವ ಓಣಿ ನಿಮ್ದು?' ಅಂದ್ರು. ಓಣಿ ಹೆಸರು ಹೇಳಿದೆ. ಅಷ್ಟ ನೋಡ್ರಿ, ಮತ್ತೇನೂ ಹೇಳ್ಲಿಲ್ಲ."

ನಾನು ಮೊಬೈಲನ್ನು ಕೆಳಗಿಟ್ಟೆ. ನಮ್ಮ ಊರಲ್ಲಿ ಯಾರನ್ನೇ ಆಗಲಿ ಮೊದಲು ಕೇಳುವುದೇ ಓಣಿ. ಓಣಿ ಹೇಳಿದರೆ ಮನೆತನ, ಉದ್ಯೋಗ, ನೆಂಟಸ್ತನ ಎಲ್ಲ ತಾವಾಗಿ ತಿಳಿಯುತ್ತವೆ. ಮಾಸ್ತರರು ಹೇಳಿದ ಓಣಿಯಲ್ಲಿ ಗಂಡುಹುಡುಗರು ಏನಾದರೂ ಕಲಿಯುವ ಜಾಗ ಒಂದೇ ಒಂದು, ಅದು ಎತ್ತರದ ಕಂಪೌಂಡಿನ ಆ ಸರಕಾರಿ ಗೃಹ. ಅವರು ಗೃಹದ ಹೆಸರು ಎತ್ತಿರಲಿಲ್ಲ. ಎತ್ತುವ ಅಗತ್ಯವೂ ಬಿದ್ದಿರಲಿಲ್ಲ. ಚಹಾ ಕುಡಿಸಿದವರಿಗೆ ಓಣಿ ಹೇಳದೆ ಎದ್ದು ಬರುವುದು ಅವರ ಎಪ್ಪತ್ತು ವರ್ಷದ ನಡತೆಗೆ ಆಗದ ಮಾತಾಗಿತ್ತು.

ಒಂದೆರಡು ದಿನ ಏನೂ ಆಗಲಿಲ್ಲ. ಏನೂ ಆಗದೇ ಇರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಾಗ ನಮ್ಮ ತರಬೇತಿ ಶೆಡ್ಡಿನಲ್ಲಿ ವೆಲ್ಡಿಂಗ್ ಕಲಿಸುವ ಮೇಸ್ತ್ರಿ ಫೋನ್ ಮಾಡಿದರು.

"ಏನ್ ಮಾಡಿದ್ರಿ ಮೇಡಮ್ಮಾರ? ಹುಡುಗ ಕೆಲಸಕ್ಕ ಹೋಗವಲ್ಲ. ಫೋನ್ ಬಂದ್ ಮಾಡ್ಯಾನ. ಜ್ವರ ಬಂದ್ರೂ ಕೆಲಸ ಬಿಡಾವ ಅಲ್ರಿ ಅಂವಾ. ನಿಮ್ಮವರು ಹೋಗಿ ಬಂದ ಮರುದಿವಸ ಬಿಟ್ಟಾನ."

ಫೋನ್ ಇಟ್ಟು ಕಡತ ತೆಗೆದೆ. ಹಾಳೆಯಲ್ಲಿ ಅಲ್ಲಿಯವರೆಗೆ ಮೂರೂ ಗುರುತು ಬಿದ್ದಿದ್ದು ಅವನೊಬ್ಬನ ಹೆಸರಿಗೆ. 'ಕೆಲಸದಲ್ಲಿದ್ದಾನೆ, ಪರಿಶೀಲಿಸಲಾಗಿದೆ' ಎಂದು ನಾನೇ ತುಂಬಿ ಬೆಂಗಳೂರಿಗೆ ಕಳಿಸಿದ್ದೆ. ಕೆಲಸ ತಪ್ಪಿದ ಹುಡುಗ ಹಳೆಯ ಸಂಗಕ್ಕೆ ತಿರುಗಲು ಹೆಚ್ಚು ಹೊತ್ತು ಬೇಕಿಲ್ಲ ಎಂದು ಮೇಸ್ತ್ರಿ ಹಿಂದೆ ಹೇಳಿದ್ದು ನೆನಪಾಯಿತು. ಅವನು ಎಲ್ಲಿದ್ದಾನೆ, ಯಾರ ಜತೆ ಇದ್ದಾನೆ ಎಂಬ ಯೋಚನೆ ಅನ್ನ ಕಲಸುವಾಗಲೂ ಬಿಡಲಿಲ್ಲ. ಸುದ್ದಿ ಕೇಳಿದ ಮಾಸ್ತರರು ನಮ್ಮ ಮನೆಯ ಪಡಸಾಲೆಯಲ್ಲಿ ಬಗಲಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕುಳಿತರು. "ನಾ ಹೋಗಿ ಮಾಲಕರ ಕಾಲು ಹಿಡೀತೇನ್ರಿ" ಎಂದರು. ಹೋಗಬೇಡಿ, ಈಗ ಯಾರೂ ಎಲ್ಲಿಗೂ ಹೋಗುವುದು ಬೇಡ ಎಂದೆ. ಎಲ್ಲ ಭೇಟಿಗಳನ್ನೂ ನಿಲ್ಲಿಸಿದೆ.

ನಿಲ್ಲಿಸಿದ ಸುದ್ದಿ ಟ್ರಸ್ಟಿನ ಅಧಿಕಾರಿಗೆ ಮುಟ್ಟಿತು. ಮೃದುವಾಗಿ ಮಾತಾಡುವ ತರುಣ. "ಮೇಡಂ, ವೆರಿಫೈ ಆಗದೇ ಇದ್ದದ್ದು ಸೊನ್ನೆ ಅಂತಲೇ ಬೋರ್ಡು ನೋಡುತ್ತೆ. ಹೀಗೇ ಬಿಟ್ಟರೆ ಆ ಶೆಡ್ಡನ್ನ ಉಳಿಸೋಕೆ ನನ್ನ ಕೈಲಿ ಆಗಲ್ಲ" ಎಂದರು. ಜಗ್ಗಿ ನೋಡಿದರೆ ಒಬ್ಬೊಬ್ಬರಾಗಿ ಹುಡುಗರ ಕೆಲಸ ಹೋಗುತ್ತದೆ, ನೋಡದಿದ್ದರೆ ಈಗ ಒಳಗೆ ಕಲಿಯುತ್ತಿರುವವರ ಶೆಡ್ಡೇ ಹೋಗುತ್ತದೆ. ಎದೆಯುರಿಗೆ ಜೀರಿಗೆ ನೀರು ಕುಡಿದು ಕುಡಿದು ನನಗೆ ಜೀರಿಗೆಯ ವಾಸನೆಯೇ ಬೇಡವಾಯಿತು.

ಮೊದಲು ಹುಡುಗನನ್ನು ಹುಡುಕಬೇಕಿತ್ತು. ಅವನು ಬೈರಿದೇವರಕೊಪ್ಪದಲ್ಲಿ ಅಕ್ಕನ ಜತೆ ಬಾಡಿಗೆ ಖೋಲಿಯಲ್ಲಿದ್ದಾನೆಂದು ಮೇಸ್ತ್ರಿ ಹೇಳಿದರು. ಹೋಗಿ ನೋಡಿದರೆ ಬಾಗಿಲ ಮುಂದಿನ ತಗಡಿನ ಮಾಡಿನ ಕೆಳಗೆ ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಓಣಿಯ ಹೆಂಗಸರಿಬ್ಬರು ಸುಟ್ಟ ರೊಟ್ಟಿಗಳನ್ನು ಆರಹಾಕುತ್ತಿದ್ದರು. ಎಲ್ಲರೂ ಕೈ ನಿಲ್ಲಿಸಿ ನನ್ನನ್ನು ನೋಡಿದರು. ಮಾಸ್ತರರ ಗತಿ ನನಗೂ ಬಂತಲ್ಲ ಎಂದು ಗಾಬರಿಯಾಗಿ, "ಖಡಕ್ ರೊಟ್ಟಿ ಬೇಕಾಗಿದ್ವು ನೋಡವಾ" ಎಂದುಬಿಟ್ಟೆ.

ಅಕ್ಕ ನನ್ನ ಚೀಲವನ್ನೂ ಮುಖವನ್ನೂ ನೋಡಿದಳು. "ಒಳಗ ಬರ್ರಿ ಅಕ್ಕಾರ, ಎಷ್ಟ ಬೇಕು ಹೇಳ್ರಿ" ಎಂದು ಕೈ ತೊಳೆದು ಒಳಗೆ ಕರೆದುಕೊಂಡು ಹೋದಳು. ಹೊಸ್ತಿಲು ದಾಟಿದ ಮೇಲೆ ದನಿ ತಗ್ಗಿಸಿ ಕೇಳಿದಳು. "ನೀವ ಅಲ್ಲೇನ್ರಿ, ಆ ಸರ್ವೆದವರು?"

ಹೌದೆಂದೆ. ಹುಡುಗ ಗೋಡೆಗೆ ಒರಗಿ ಮೊಣಕಾಲು ಮಡಚಿ ಕುಳಿತಿದ್ದ. ಮುಂಗೈ ತುಂಬ ಕಿಡಿ ಸಿಡಿದ ಸಣ್ಣ ಸಣ್ಣ ಕಲೆ. ಅವನು ಮನೆಯಲ್ಲೇ ಇದ್ದುದನ್ನು ಕಂಡು ನನಗೆ ಅಳುವೇ ಬಂದಂತಾಯಿತು.

"ಕೆಲಸ ಬಿಡಿಸಿದ್ರೇನಪಾ?"

"ಇಲ್ರಿ. ಯಾರೂ ಬಿಡಸಿಲ್ಲ."

"ಬೈದ್ರೇನು?"

"ಬೈದಿದ್ರ ನಿಂದರ್ತಿದ್ನಿ ರೀ. ಏನೂ ಅನ್ನಲಿಲ್ಲ." ಮುಂಗೈಯ ಕಲೆಗಳನ್ನು ಉಜ್ಜುತ್ತ ಮುಂದುವರಿಸಿದ. "ಶೆಡ್ಡಿನ ಚಾವಿ ನನ್ನ ಕಡೆ ಇರ್ತಿತ್ರಿ. ದಿನಾ ಮುಂಜಾನೆ ನಾನ ಹೋಗಿ ತಗೀತಿದ್ನಿ. ಆ ಮಾಸ್ತರು ಬಂದು ಹೋದ ದಿವಸ ಸಂಜಿಕಿ ಸಾವಕಾರ್ರು 'ಚಾವಿ ಇಲ್ಲಿ ಕೊಡು, ನಾಳಿ ನಾ ಲಗೂನ ಬರೂದೈತಿ' ಅಂದ್ರು. ಮುಂಜಾನೆ ಹೋಗಿ ನೋಡಿದ್ರ ಶೆಡ್ ತಗದಿತ್ತು. ಚಾವಿ ಇನ್ನೊಬ್ಬ ಹುಡುಗನ ಸೊಂಟದಾಗಿತ್ತು. ಊಟಕ್ಕ ಕುಂತಾಗ ಯಾರೂ ಮಾತಾಡ್ಲಿಲ್ಲ. ಹತ್ಯಾರ ಅಲ್ಲೇ ಬಿಟ್ಟು ಬಸ್ ಹತ್ತಿ ಬಂದ್ನಿ."

"ನಮ್ಮಿಂದ ತಪ್ಪಾತಪಾ" ಎಂದೆ. ಮಾಲೀಕರಿಗೆ ನಾನೇ ಹೋಗಿ ತಿಳಿಸಿ ಹೇಳಲೇ ಎಂದು ಕೇಳಿದೆ. ಅವನು ತಲೆ ಎತ್ತಿ ನೋಡಿದ. "ಬ್ಯಾಡ್ರಿ ಮೇಡಮ್ಮಾರ. ಮತ್ತ ಹೋಗಿ ಹೇಳೂದು ಕೇಳೂದು ಮಾಡಬ್ಯಾಡ್ರಿ. ನಂದಾತು, ಬಿಡ್ರಿ. ಉಳದವರ ಕಡೆ ಹಿಂಗ ಹೋಗಬ್ಯಾಡ್ರಿ." ಹೋಗುವುದಿಲ್ಲ ಎಂದು ಮಾತು ಕೊಟ್ಟೆ.

ಬಂದ ನೆಪಕ್ಕೆ ರೊಟ್ಟಿಯನ್ನೂ ಕೊಂಡೆ. ಅಕ್ಕ ಅವನ್ನು ಪೇಪರಿನಲ್ಲಿ ಸುತ್ತುತ್ತ ಹೊರಗಿನವರಿಗೆ ಕೇಳುವ ಹಾಗೆ ದೊಡ್ಡ ದನಿಯಲ್ಲಿ ವ್ಯಾಪಾರದ ಮಾತಾಡಿದಳು. "ಮುಂದಿನ ಸಲ ಮೊದಲ ಹೇಳ್ರಿ ಅಕ್ಕಾರ. ಖಂಡೇಪೂಜಿ ಬಂತಂದ್ರ ನಮಗ ಉಸರ ಬಿಡಾಕ ಆಗೂದಿಲ್ಲ. ಗ್ಯಾರೇಜು, ಕಾರ್ಖಾನಿ ಎಲ್ಲಾ ಕಡೆ ಊಟ ಇರ್ತೈತಿ. ಯಾರ ಬಂದ್ರೂ ಬರ್ರಿ ಅಂತಾರ, ಉಣ್ಣಾಕ ಹಾಕ್ತಾರ."

ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸಿನಲ್ಲಿ ರೊಟ್ಟಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಾಗ ಅವಳ ಮಾತು ತಲೆಯಲ್ಲಿ ಸುತ್ತತೊಡಗಿತು. ಮಹಾನವಮಿಯ ಖಂಡೇಪೂಜೆ, ಅಂದರೆ ಆಯುಧಪೂಜೆಯ ದಿನ ಎಲ್ಲ ಅಂಗಡಿ, ಗ್ಯಾರೇಜು, ಶೆಡ್ಡುಗಳ ಬಾಗಿಲು ತೆರೆದಿರುತ್ತದೆ. ಯಂತ್ರ ತೊಳೆದು, ಹತ್ಯಾರಗಳನ್ನು ಸಾಲಾಗಿ ಇಟ್ಟು ಪೂಜೆ ಮಾಡುತ್ತಾರೆ. ಅಲ್ಲಿ ಕೆಲಸ ಮಾಡುವ ಪ್ರತಿಯೊಬ್ಬನ ಹತ್ಯಾರವೂ ಆ ಸಾಲಿನಲ್ಲಿ ಇರುತ್ತದೆ. ಅವತ್ತು ಒಳಗೆ ಬಂದವರನ್ನು ಯಾಕೆ ಬಂದಿರಿ, ಯಾವ ಓಣಿ ಎಂದು ಕೇಳುವ ಪದ್ಧತಿಯಿಲ್ಲ. ಕೈಗೆ ಫಳಾರ ಕೊಡುತ್ತಾರೆ, ಅಷ್ಟೇ.

ಮನೆಗೆ ಬಂದು ಹುಡುಗರ ಒಪ್ಪಿಗೆಪತ್ರದ ನಮೂನೆಯನ್ನು ಮತ್ತೆ ಓದಿದೆ. 'ನನ್ನನ್ನು ಸಂಪರ್ಕಿಸಬಹುದು' ಎಂದಷ್ಟೇ ಇತ್ತು. ನನ್ನ ಮಾಲೀಕರನ್ನು ಕೇಳಬಹುದು ಎಂದು ಯಾವ ಹುಡುಗನೂ ಒಪ್ಪಿರಲಿಲ್ಲ. ಟ್ರಸ್ಟಿಗೆ ಪತ್ರ ಬರೆದೆ. ಸಹಿ, ಮೊಹರು, ಫೋಟೋ ಇನ್ನು ತರುವುದಿಲ್ಲ. ಮೇಸ್ತ್ರಿಯ ಮೂಲಕ, ಮತ್ತು ಹೋಲಿಸಿ ನೋಡಲೆಂದು, ತರಬೇತಿ ಶುರುವಾಗುವ ಮುನ್ನವೇ ಗೃಹದಿಂದ ಹೋದವರಿಗೆ ಅಲ್ಲಿನ ಆಪ್ತಸಮಾಲೋಚಕರ ಮೂಲಕ, ಒಂದು ಮಾತು ಹೋಗುತ್ತದೆ: ಬೇಕೆನಿಸಿದವರು ನಮ್ಮನ್ನು ಖಂಡೇಪೂಜೆಗೆ ಕರೆಯಲಿ. ಕರೆದಲ್ಲಿಗೆ ಮಾತ್ರ ಹೋಗುತ್ತೇವೆ. ಅಲ್ಲಿ ಕಾಗದ ಹೊರಗೆ ತೆಗೆಯುವುದಿಲ್ಲ. ಬಂದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಕೇಳದೆ ಬೇರೆ ಬೇರೆ ಬರೆದು ತಾಳೆ ನೋಡುತ್ತೇವೆ. ಕರೆಯದವರನ್ನು ಕೆಲಸವಿಲ್ಲದವರೆಂದು ಬರೆಯದೆ 'ಗೊತ್ತಿಲ್ಲ' ಎಂಬ ಬೇರೆ ಕಾಲಮಿನಲ್ಲಿ ಇಡುತ್ತೇವೆ. ಇದಾಗದಿದ್ದರೆ ನನ್ನನ್ನು ಈ ಕೆಲಸದಿಂದ ಬಿಡಿಸಿ.

ಕಳಿಸುವ ಗುಂಡಿ ಒತ್ತಿದೆ. ಇನ್ನು ಮುಂದೆ ನನ್ನನ್ನು ಯಾರೂ ಕೆಲಸಕ್ಕೆ ಕರೆಯುವುದಿಲ್ಲ ಎಂದುಕೊಂಡೆ.

ಅಧಿಕಾರಿ ತಡಮಾಡದೆ ಫೋನ್ ಮಾಡಿದರು. "ಮೇಡಂ, ನಾನು ನಿಮ್ಮನ್ನ ನಂಬ್ತೀನಿ. ಆದ್ರೆ ಪೂಜೆಗೆ ಹೋಗಿದ್ವಿ, ಪೇಡ ತಿಂದ್ವಿ ಅಂತ ಬೋರ್ಡಿನ ಮುಂದೆ ಹೇಗೆ ಇಡ್ಲಿ?"

"ಮೊಹರ ಇದ್ದದ್ದೊಂದು ಕೇಸ್ ನಿಮಗ ಕಳಿಸೀನಲ್ರಿ. ಆ ಹುಡುಗ ಈಗ ಮನ್ಯಾಗ ಕುಂತಾನ" ಎಂದೆ.

"ದಸರಾ ಮುಗಿದ ಮೇಲೆ ವರದಿ ಕೊಡಿ. ಬೋರ್ಡು ಒಪ್ಪಲಿಲ್ಲ ಅಂದ್ರೆ ನಾನೇನೂ ಮಾಡಕ್ಕಾಗಲ್ಲ" ಎಂದರು.

ಆಮೇಲಿನ ದಿನಗಳು ಕಾಯುವುದರಲ್ಲೇ ಹೋದವು. ಯಾರೂ ಕರೆಯದಿದ್ದರೆ? ಪಿತೃಪಕ್ಷ ಮುಗಿಯಿತು, ಘಟಸ್ಥಾಪನೆಯಾಯಿತು. ಫೋನ್ ಬಡಿದುಕೊಂಡಾಗಲೆಲ್ಲ ಓಡಿ ಹೋಗಿ ಎತ್ತುವುದು, ಅದು ಸೀರೆ ಅಂಗಡಿಯ ರಿಯಾಯಿತಿಯ ಸುದ್ದಿಯಾಗಿರುವುದು. ಕೊನೆಗೆ ಒಂದು ಮಧ್ಯಾಹ್ನ ಅಂಜುತ್ತಂಜುತ್ತ ಒಂದು ದನಿ. "ಮೇಡಮ್ಮಾರ, ನಮ್ಮ ಗ್ಯಾರೇಜಿನ ಪೂಜಿಗೆ ಬರ್ರಿ. ನಮ್ಮ ಮಾಸ್ತರ ಮನಿಯವರು ಅಂತ ಹೇಳಿರ್ತೀನಿ." ಆಮೇಲೆ ಇನ್ನೊಂದು. ಎಲ್ಲರೂ ಕರೆಯಲಿಲ್ಲ, ಆದರೆ ನಾನು ಹೆದರಿದ್ದಷ್ಟು ಕಡಿಮೆಯೂ ಆಗಲಿಲ್ಲ. ತರಬೇತಿಗೂ ಮುಂಚೆ ಗೃಹ ಬಿಟ್ಟ ಹಳೆಯವರಿಂದಲೂ ಕೆಲವು ಕರೆ ಬಂದವು. ದೂರದ ಊರಲ್ಲಿದ್ದವರು ಪೂಜೆಯನ್ನು ವಿಡಿಯೋ ಕಾಲಿನಲ್ಲಿ ತೋರಿಸುತ್ತೇವೆಂದರು. ವೆಲ್ಡಿಂಗ್ ಹುಡುಗನಿಂದ ಸುದ್ದಿಯಿರಲಿಲ್ಲ. ಅವನಿಗೆ ಕರೆಯಲು ಜಾಗವೆಲ್ಲಿತ್ತು?

ಖಂಡೇಪೂಜೆಯ ದಿನ ಮಾಸ್ತರರು ಹೊಸ ಧೋತರ ಉಟ್ಟು ಬಂದರು. ಮೊದಲ ಗ್ಯಾರೇಜಿನಲ್ಲಿ ಎಲ್ಲವೂ ಅಂದುಕೊಂಡಂತೆ ನಡೆಯಿತು. ಪಾನಾಗಳ ಮೇಲೆ ಅರಿಷಿಣ ಕುಂಕುಮ, ಬೈಕುಗಳಿಗೆ ಚೆಂಡುಹೂವಿನ ಸರ. ಕುಂಬಳಕಾಯಿ ಒಡೆಯಲು ಮಾಲೀಕರು ನಮ್ಮ ಹುಡುಗನನ್ನೇ ಹೆಸರು ಹಿಡಿದು ಕೂಗಿದರು. ಎರಡನೆಯ ಜಾಗದಲ್ಲಿ ಹುಡುಗ ಬಾಗಿಲಲ್ಲೇ ನಮ್ಮನ್ನು ಎದುರುಗೊಂಡ, ಕೂರಿಸಿದ, ತಾನೇ ಪೇಢೆ ತಂದುಕೊಟ್ಟ. ಇಷ್ಟು ಸಿಹಿ ತಿಂದ ಮಾಸ್ತರರಿಗೆ ಗಂಟಲು ಕಟ್ಟಿತು.

"ಸ್ವಲ್ಪ ನೀರು ಕೊಡ್ತೀಯೇನಪಾ?" ಎಂದರು.

ಹುಡುಗ ಎದ್ದ. ಕಪಾಟಿನ ಕಡೆ ಹೋದ, ನಿಂತ, ಇನ್ನೊಂದು ಮೂಲೆಗೆ ಹೋಗಿ ಡಬ್ಬಿಯ ಮುಚ್ಚಳ ತೆಗೆದು ನೋಡಿದ. ಅದರಲ್ಲಿ ಗ್ರೀಸು ಇತ್ತು. ಕೊನೆಗೆ ಅಂಗಡಿಯ ಇನ್ನೊಬ್ಬ ಆಳು ಬಂದು ಮೆಟ್ಟಿಲ ಕೆಳಗಿನ ಕೊಡದಿಂದ ನೀರು ತಂದುಕೊಟ್ಟ. ಹುಡುಗ ನೆಲ ನೋಡುತ್ತ ನಿಂತ. ಅವನು ಅಲ್ಲಿ ಕೆಲಸ ಮಾಡುತ್ತಿರಲಿಲ್ಲ, ಗೆಳೆಯನ ಅಂಗಡಿಯನ್ನು ಒಂದು ದಿನಕ್ಕೆ ತನ್ನದೆಂದು ತೋರಿಸಿದ್ದ. ನಾವು ಏನೂ ಅನ್ನದೆ ಎದ್ದೆವು. ಹೊರಗೆ ಬಂದ ಮೇಲೆ ಮಾಸ್ತರರು, "ಶೆಡ್ ಉಳೀಲಿ ಅಂತ ಮಾಡ್ಯಾನ್ರಿ ಪಾಪ" ಎಂದರು. ನನಗೂ ಹಾಗೆಯೇ ಅನಿಸಿತು. ಆದರೂ ಅವನ ಹೆಸರಿನ ಮುಂದೆ 'ಇಲ್ಲ' ಎಂದೇ ಬರೆಯಬೇಕಾಯಿತು. ಅಲ್ಲಿಂದ ಮುಂದೆ ಹೋದಲ್ಲೆಲ್ಲ ನಾವು ನೀರು ಕೇಳಿದೆವು. ಬಂದವರು ನೀರು ಕೇಳುವುದು ಎಲ್ಲ ಕಡೆ ಇದ್ದದ್ದೇ, ಯಾರಿಗೂ ಅನುಮಾನ ಬರುವುದಿಲ್ಲ. ಅಲ್ಲಿ ನಿತ್ಯ ದುಡಿಯುವವನು ಮಾತಾಡುತ್ತಲೇ ಹೋಗಿ ಕೊಡದ ಮುಂದೆ ಬಗ್ಗಿರುತ್ತಾನೆ.

ಧಾರವಾಡದ ಒಂದು ಫ್ರಿಜ್ ರಿಪೇರಿ ಅಂಗಡಿಯಲ್ಲಿದ್ದಾಗ ಮಾಸ್ತರರ ಫೋನ್ ಬಡಿಯಿತು. ಬೇಲೂರಿನ ಶೆಡ್ಡಿನ ಮಾಲೀಕರು; ಮಾಸ್ತರರು ಭೇಟಿಯ ದಿನ ತಮ್ಮ ನಂಬರು ಕೊಟ್ಟು ಬಂದಿದ್ದರು. "ಪೂಜಿಗೆ ಬರ್ರಿ ಮಾಸ್ತರ. ಬರಾಕ ಬೇಕು" ಎಂದಷ್ಟೇ ಹೇಳಿ ಇಟ್ಟರಂತೆ.

ಮಾಸ್ತರರು ನನ್ನ ಮುಖ ನೋಡಿದರು. ನಾನು ಹುಡುಗನಿಗೆ ಮಾತು ಕೊಟ್ಟಿದ್ದೆ. ಅವನ ಅಕ್ಕನಿಗೆ ಫೋನ್ ಹಚ್ಚಿದೆ. ಆಕೆ ಅವನ ಕೈಗೆ ಕೊಟ್ಟಳು. ವಿಷಯ ಹೇಳಿದೆ, ಆ ಕಡೆ ರೊಟ್ಟಿ ಬಡಿಯುವ ಸದ್ದು ಮಾತ್ರ ಕೇಳುತ್ತಿತ್ತು.

"ಅವರ ಕರದಾರಂದ್ರ ಹೋಗ್ರಿ" ಎಂದ ಕೊನೆಗೆ. "ನನ್ನ ಸುದ್ದಿ ತಗೀಬ್ಯಾಡ್ರಿ. ಹತ್ಯಾರ ಅಲ್ಲೇ ಅದಾವ. ನಾನೂ ಬಂದು ತಗೊಂಡು ಹೋಗ್ತೇನಿ."

ಬೇಲೂರಿನ ಬಸ್ ಹತ್ತಿದೆವು. ಶೆಡ್ಡಿನ ಕಂಬಗಳಿಗೆ ಬಾಳೆದಿಂಡು, ಕಬ್ಬು ಕಟ್ಟಿದ್ದರು. ಮಾಲೀಕರು ಹಣೆಗೆ ವಿಭೂತಿ ಹಚ್ಚಿಕೊಂಡ ದಪ್ಪ ಮನುಷ್ಯ. ನಮ್ಮನ್ನು ಕೂರಿಸಿದರು. ನನ್ನ ಕಣ್ಣು ಹತ್ಯಾರಗಳ ಸಾಲಿನ ಮೇಲೆ ಹೋಯಿತು. ಹೋಲ್ಡರು, ಸುತ್ತಿಗೆ, ತಂತಿ ಬ್ರಷ್ಷು. ಅವುಗಳ ನಡುವೆ ಹಸಿರು ಟೇಪು ಸುತ್ತಿದ ಹಿಡಿಕೆಯ ಕಪ್ಪು ಗಾಜಿನ ಫಳಿ. ಫೋಟೋದಲ್ಲಿ ಹುಡುಗನ ಕೈಯಲ್ಲಿದ್ದದ್ದೇ. ಎಲ್ಲದರ ಹಾಗೆ ಅದಕ್ಕೂ ಕುಂಕುಮ ಹಚ್ಚಿ ಹೂವು ಏರಿಸಿದ್ದರು.

ಮಾಲೀಕರು ನನ್ನ ನೋಟವನ್ನು ಗಮನಿಸಿದರು. "ಬಿಟ್ಟು ಹೋಗ್ಯಾನ್ರಿ. ಒಬ್ಬನ ಹತ್ಯಾರ ಬಿಟ್ಟು ಪೂಜಿ ಹ್ಯಾಂಗ ಮಾಡೂದು?" ಎಂದರು. ಆಮೇಲೆ ದನಿ ತಗ್ಗಿಸಿದರು. "ಖರೇ ಹೇಳ್ತೇನ್ರಿ ಮೇಡಮ್ಮಾರ. ಇವರು ಬಂದು ಹೋದ ದಿವಸ ನನಗ ಹೆದರಿಕಿ ಬಂತು. ಇಷ್ಟು ದಿವಸ ಅವನ ಕೈಯಾಗ ಚಾವಿ ಕೊಟ್ಟು ಆರಾಮ ಮಲಗಿದ್ನಲ್ಲಾ ಅಂತ ಹೆದರಿಕಿ ಬಂತು. ಅಂವಾ ಹೋದ ಮ್ಯಾಲ ತಿಳೀತು, ಅಷ್ಟು ದಿವಸ ಏನೂ ಆಗಿದ್ದಿಲ್ಲಲಾ ಅಂತ."

ಹೇಳಬೇಕಾದ ಮಾತುಗಳು ನನ್ನ ಬಾಯಿಯವರೆಗೆ ಬಂದವು. ಮಾತು ಕೊಟ್ಟಿದ್ದೆನಲ್ಲ, ಒಂದು ಇಡೀ ಪೇಢೆಯನ್ನು ಬಾಯಿಗೆ ತುರುಕಿಕೊಂಡೆ. ಮಾಸ್ತರರೂ ಹಾಗೆಯೇ ಮಾಡಿದರು.

ಅಷ್ಟರಲ್ಲಿ ಹುಡುಗ ಗೇಟಿನಲ್ಲಿ ಕಾಣಿಸಿದ. ಕೆಲಸದವರೆಲ್ಲ ತಿರುಗಿ ನೋಡಿದರು. ಅವನು ಚಪ್ಪಲಿ ಬಿಟ್ಟು ಅಲ್ಲೇ ನಿಂತ.

"ಹತ್ಯಾರ ಒಯ್ಯಾಕ ಬಂದೀನ್ರಿ."

"ಪೂಜಿಗೆ ಕುಂತಾವ" ಎಂದರು ಮಾಲೀಕರು. "ಇವತ್ತ ಎತ್ತಾಕ ಬರೂದಿಲ್ಲ, ನಿನಗೂ ಗೊತ್ತೈತಿ. ನಾಳಿ ಬನ್ನಿ ಮುಡಿಯೂ ಹೊತ್ತಿಗೆ ಬಾ."

ಹುಡುಗ ಬಿಟ್ಟ ಚಪ್ಪಲಿಯ ಕಡೆ ನೋಡಿದ. ತಿರುಗಿ ಹೋಗಿಬಿಡುತ್ತಾನೆ ಎಂದು ನನಗೆ ಖಾತ್ರಿಯಾಯಿತು. ಪೇಢೆ ಗಂಟಲಿಗೆ ಸಿಕ್ಕಿ ಮಾಸ್ತರರು ಕೆಮ್ಮತೊಡಗಿದರು. ಅದು ನಾಟಕವಾಗಿರಲಿಲ್ಲ, ಕಣ್ಣಲ್ಲಿ ನೀರೇ ಬಂದಿತ್ತು. "ನೀರು... ನೀರು ಕೊಡ್ರಿ" ಎಂದರು, ಯಾರನ್ನೂ ನೋಡದೆ.

ಸೊಂಟದಲ್ಲಿ ಚಾವಿ ಸಿಕ್ಕಿಸಿಕೊಂಡಿದ್ದ ಆಳು ಎದ್ದ. ಅವನು ಏಳುವಷ್ಟರಲ್ಲಿ ವೆಲ್ಡಿಂಗ್ ಹುಡುಗ ಗೇಟಿನಿಂದ ನೇರ ಒಳಗೆ ಬಂದು, ಸಿಲಿಂಡರುಗಳ ಹಿಂದೆ ಹೋಗಿ, ಗೋಡೆಯ ಗೂಟಕ್ಕೆ ಬೋರಲು ಹಾಕಿದ್ದ ಸ್ಟೀಲಿನ ಲೋಟ ತೆಗೆದು, ಗಲಬರಿಸಿ ಚೆಲ್ಲಿ, ಮಣ್ಣಿನ ಹರವಿಯಿಂದ ನೀರು ತುಂಬಿ ತಂದ. ಮಾಸ್ತರರು ಎರಡೂ ಕೈಯಲ್ಲಿ ಲೋಟ ಹಿಡಿದು ಕುಡಿದರು. ಹುಡುಗ ಖಾಲಿ ಲೋಟ ತೆಗೆದುಕೊಂಡು ನಿಂತ. ತಾನು ಒಳಗೆ ಬಂದುಬಿಟ್ಟಿದ್ದೇನೆ ಎಂದು ಅವನಿಗೆ ಆಗಲೇ ತಿಳಿದದ್ದು.

ಮಾಲೀಕರು ಕೈ ಚಾಚಿದರು. "ನನಗೂ ತಾರಪಾ" ಎಂದರು.

ಬಸ್ಸಿನಲ್ಲಿ ನಾವು ಎಂದಿನಂತೆ ಬೇರೆ ಬೇರೆ ಕುಳಿತು ಬರೆದೆವು. ತಾಳೆ ನೋಡಿದಾಗ ಇಬ್ಬರೂ ನೀರಿನ ಮುಂದೆ ಗುರುತು ಹಾಕಿದ್ದೆವು, 'ಕೆಲಸದಲ್ಲಿದ್ದಾನೆಯೇ' ಎಂಬಲ್ಲಿ ಖಾಲಿ ಬಿಟ್ಟಿದ್ದೆವು.

ವರದಿಯ ಗತಿ ಏನಾಯಿತೆಂದು ಇಲ್ಲಿಯೇ ಹೇಳಿಬಿಡುತ್ತೇನೆ. ಕಲಿತವರು ಕಲಿಯದವರಿಗಿಂತ ಹೆಚ್ಚು ಕೆಲಸದಲ್ಲಿ ನಿಂತಿದ್ದಾರೆ ಎಂದು ನಮಗೆ ಕಂಡಿತು, ಆದರೆ ಗೊತ್ತಿಲ್ಲದವರೂ ಬಹಳ ಇರುವುದರಿಂದ ಗಟ್ಟಿಯಾಗಿ ಹೇಳಲಾರೆವು ಎಂದು ಬರೆದೆ. ನಮ್ಮ ಪರಿಶೀಲನೆಯಿಂದಲೇ ಒಬ್ಬನ ಕೆಲಸಕ್ಕೆ ಧಕ್ಕೆಯಾಯಿತು ಎಂಬುದನ್ನು ಮೊದಲ ಪುಟದಲ್ಲೇ ಹಾಕಿದೆ. ಬೋರ್ಡಿನಲ್ಲಿ ವಾದ ನಡೆಯಿತಂತೆ. ಶೆಡ್ಡನ್ನು ಸದ್ಯಕ್ಕೆ ಒಂದು ವರ್ಷ ಮುಂದುವರಿಸಿದ್ದಾರೆ. ಮೊಹರಿನ ನಿಯಮ ತೆಗೆದಿದ್ದಾರೆ. ಮುಂದಿನ ವರ್ಷದ ಚಿಂತೆ ಈಗಲೇ ನನಗೆ ಶುರುವಾಗಿದೆ.

ಆದರೆ ಅದೆಲ್ಲ ಆಮೇಲಿನದು. ಪೂಜೆಯ ಮರುದಿನ, ಬನ್ನಿ ಕೊಡುವ ಹಬ್ಬದ ದಿನ, ನಾನು ಬೆಳಗಿನಿಂದ ಫೋನನ್ನು ಕೈಗೆ ತೆಗೆದುಕೊಳ್ಳುವುದು, ಇಡುವುದು ಮಾಡುತ್ತಿದ್ದೆ. ಹುಡುಗ ಬೇಲೂರಿಗೆ ಹೋದನೋ ಇಲ್ಲವೋ? ಕೇಳಬಾರದು, ಜಗ್ಗಿ ನೋಡಬಾರದು ಎಂದು ಗಟ್ಟಿಮಾಡಿಕೊಂಡಿದ್ದೆ. ಸಂಜೆ ಮಾಸ್ತರರು ಬನ್ನಿ ಕೊಡಲು ಬಂದರು. ಅವರೂ ಕೇಳಲಿಲ್ಲ, ಫೋನಿನ ಕಡೆ ಮಾತ್ರ ನೋಡುತ್ತ ಕುಳಿತರು. ದೀಪ ಹಚ್ಚುವ ಹೊತ್ತಿಗೆ ಅದು ಬಡಿದುಕೊಂಡಿತು.

"ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಮೇಡಮ್ಮಾರ."

"ಬಂಗಾರದಂಗ ಇರೂಣಪಾ" ಎಂದೆ. ಅಲ್ಲಿಗೇ ನಿಲ್ಲಿಸಬೇಕಿತ್ತು, ಆಗಲಿಲ್ಲ. "ಹತ್ಯಾರ ತಗೊಂಡು ಬಂದ್ಯೇನು?"

"ಇಲ್ರಿ, ಅಲ್ಲೇ ಬಿಟ್ಟು ಬಂದೀನಿ" ಎಂದ. "ಇಡ್ತೀನ್ರಿ ಮೇಡಮ್ಮಾರ. ಲಗೂನ ಮಕ್ಕೋಬೇಕು. ಮುಂಜಾನೆ ಶೆಡ್ ತಗಿಯೂದೈತಿ."

ಚಾವಿಯ ಬಗ್ಗೆ ನಾನು ಕೇಳಲಿಲ್ಲ.